ಒಂದು ಸೇರು ತಗೊಂಡ್ರೆ ಎರಡು ಸೇರು ವಾಪಸ್: ಊರಿನ ತೋಟ ಅಂದ್ರೆ ಯಾವುದು?

ಬೆಂಗಳೂರಿನಿಂದ ಕನಕಪುರ ರಸ್ತೆಯಲ್ಲಿ ನಮ್ಮ ಕಡೆಗೆ ಬರುವಾಗ ಹಾರೋಹಳ್ಳಿ ದಾಟುವಷ್ಟರಲ್ಲಿ ಎಷ್ಟು ಬೋರ್ಡು ಸಿಗುತ್ತವೆ ಅಂತ ಒಮ್ಮೆ ಎಣಿಸಿ ನೋಡಿ. ನಾನು ಬಸ್ಸಿನ ಕಿಟಕಿಯಿಂದ ಎಣಿಸೋಕೆ ಹೋಗಿ ಲೆಕ್ಕ ತಪ್ಪಿದೆ. ‘ಫಾರ್ಮ್ ಪ್ಲಾಟ್’, ‘ಮ್ಯಾನೇಜ್ಡ್ ಫಾರ್ಮ್’, ಈಗೀಗ ಹೊಸದಾಗಿ ‘ಕಮ್ಯುನಿಟಿ ಫಾರ್ಮ್’. ಕಾಲು ಎಕರೆ ಲೆಕ್ಕದಲ್ಲಿ ತುಂಡು ಮಾಡಿದ ಜಮೀನು, ಸುತ್ತ ತಂತಿ ಬೇಲಿ, ಗೇಟಿಗೊಬ್ಬ ವಾಚ್‌ಮನ್, ಒಳಗೆ ಸಾಲಾಗಿ ನೆಟ್ಟ ಮಹಾಗನಿ, ಶನಿವಾರ ಭಾನುವಾರ ಬರುವ ಕಾರುಗಳು. ಕಮ್ಯುನಿಟಿ ಅಂದ್ರೆ ಸಮುದಾಯ ಅಲ್ವಾ? ಯಾವ ಸಮುದಾಯ? ಆ ನೆಲದಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದವರಂತೂ ಅದರಲ್ಲಿ ಇಲ್ಲ. ಇದ್ದರೂ ಗೇಟಿನ ಹತ್ತಿರ ಇದ್ದಾರೆ.

ಆ ಕಡೆ ನಮ್ಮ ಸಂಬಂಧಿಕರೊಬ್ಬರಿದ್ದಾರೆ, ವರಸೆಯಲ್ಲಿ ನನಗೆ ಮಾವ ಆಗಬೇಕು. ಮಗಳ ಮದುವೆ ಸಾಲ, ಅದರ ಮೇಲೆ ಎರಡು ಬೋರ್ ಫೇಲ್. ಜಮೀನು ಹೋಯಿತು. ಈಗ ಅದೇ ಜಮೀನಿಗೆ ಅವರು ಕಾವಲು. “ನಮ್ಮಪ್ಪ ಹಾಕಿದ್ದ ಹುಣಸೆಮರ ಕಣಪ್ಪ ಅದು. ಈಗ ಅದರ ಕೆಳಗೇ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ, ತಿಂಗಳಾದ್ರೆ ಸಂಬಳ ಕೊಡ್ತಾರೆ” ಅಂದರು. ಬೇಜಾರಿಗೆ ಹೇಳಿದ್ರೋ ತಮಾಷೆಗೆ ಹೇಳಿದ್ರೋ ಗೊತ್ತಾಗಲಿಲ್ಲ.

ಅವರನ್ನು ದೂರುವ ಹಕ್ಕು ನನಗಿಲ್ಲ. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ನಮ್ಮ ಜಮೀನು ಕೊಳ್ಳಬಹುದು. 2007ರಲ್ಲಿ ಜಿಲ್ಲೆಯಾದ ರಾಮನಗರಕ್ಕೆ ‘ಬೆಂಗಳೂರು ದಕ್ಷಿಣ’ ಅಂತ ಹೆಸರಿಡಲು 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಒಪ್ಪಿತು. ಹೆಸರು ಬದಲಾದ್ರೆ ರಾಗಿ ಇಳುವರಿ ಬದಲಾಗಲ್ಲ, ಎಕರೆ ರೇಟು ಬದಲಾಗುತ್ತೆ.

ಆದರೆ ಇವತ್ತು ನಾನು ಬರೆಯಲು ಕೂತಿದ್ದು ಜಮೀನು ಮಾರಬೇಡಿ ಅಂತ ಬುದ್ಧಿ ಹೇಳೋಕಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ತಾಲ್ಲೂಕಿಗೆ ಬೇಲಿ ಹಾಕಿ ಮಾರುವವರ ಜೊತೆಗೆ ಇನ್ನೊಂದು ಬಗೆಯ ಜನರೂ ಬರುತ್ತಿದ್ದಾರೆ. ಟ್ರಸ್ಟು, ಫೌಂಡೇಶನ್ನು, ಸೇವಾ ಸಂಸ್ಥೆಯವರು. ಬಡವರ ಮಕ್ಕಳಿಗೆ ಪಾಠ, ಯುವಕರಿಗೆ ಕೃಷಿ ತರಬೇತಿ, ಜೊತೆಗೊಂದು ಮಾದರಿ ತೋಟ. “ನೀವೂ ಸೇರಿಕೊಳ್ಳಿ, ನಿಮ್ಮ ಜಮೀನಿನಲ್ಲೇ ಮಾಡೋಣ” ಅಂತ ಕೇಳುತ್ತಾರೆ. ಈ ವರ್ಷ ನನ್ನನ್ನೇ ಇಬ್ಬರು ಕೇಳಿದರು. ನಿಮ್ಮಲ್ಲೂ ಹಲವರನ್ನು ಕೇಳಿರ್ತಾರೆ.

ಇಂಥ ಸಂಸ್ಥೆಗಳು ಬೇಕೇ ಬೇಕು ಅನ್ನೋದು ನನ್ನ ಮಾತು. ಎಲ್ಲರನ್ನೂ ಅನುಮಾನದಿಂದ ನೋಡೋನಲ್ಲ ನಾನು. ಆದರೆ ಅವುಗಳಲ್ಲಿ ಕೆಲವು ಉಳಿಯುತ್ತವೆ, ಬಹಳಷ್ಟು ಮೂರು ವರ್ಷಕ್ಕೆ ಬಾಗಿಲು ಹಾಕುತ್ತವೆ. ಎರಡಕ್ಕೂ ಇರುವ ವ್ಯತ್ಯಾಸ ಹಣದ್ದಲ್ಲ, ಮಣ್ಣಿನದ್ದಲ್ಲ, ನೀರಿನದ್ದೂ ಅಲ್ಲ. ಕಲಿತವನು ವಾಪಸ್ ಕೊಡಬೇಕು ಅನ್ನುವ ಕಟ್ಟಳೆ ಅಲ್ಲಿದೆಯೋ ಇಲ್ಲವೋ ಅನ್ನೋದು ಮುಖ್ಯ. ಈ ಮಾತು ನನಗೆ ಪುಸ್ತಕ ಓದಿ ಬಂದದ್ದಲ್ಲ, ತಪ್ಪು ಮಾಡಿ ಬಂದದ್ದು.

ಅವ್ವನ ಸಂಘದ ಬೀಜದ ಮನೆ

ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮೂರ ಹೆಂಗಸರ ಸಂಘಕ್ಕೆ ಒಂದು ಬೀಜದ ಮನೆ ಇತ್ತು. ಮನೆ ಅಂದ್ರೆ ದೊಡ್ಡದೇನಲ್ಲ, ಒಬ್ಬರ ಮನೆಯ ಹಿಂದಿನ ಒಂದು ಅಂಕಣ. ಗೋಡೆ ಪಕ್ಕದಲ್ಲಿ ಸಾಲಾಗಿ ಮಣ್ಣಿನ ಮಡಕೆಗಳು, ಸಗಣಿ ಸಾರಿಸಿದ ಬಿದಿರಿನ ಕುಕ್ಕೆಗಳು. ಕಾಳಿನ ಜೊತೆ ಬೂದಿ, ಒಣಗಿದ ಬೇವಿನ ಸೊಪ್ಪು, ಲಕ್ಕಿ ಸೊಪ್ಪು. ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಸಂಘದ ಅರ್ಧಕ್ಕರ್ಧ ಜನಕ್ಕೆ ಓದು ಬರ್ತಿರಲಿಲ್ಲ, ಅದಕ್ಕೆ ಮಡಕೆಯ ಕತ್ತಿಗೆ ಆ ತಳಿಯ ಒಂದು ತೆನೆಯನ್ನೇ ದಾರದಲ್ಲಿ ಕಟ್ಟಿರುತ್ತಿದ್ದರು. ಪಿಚ್ಚಕಡ್ಡಿ, ಮಜ್ಜಿಗೆ ರಾಗಿ, ಗಿಡ್ಡ ರಾಗಿ, ಉಂಡೆ ರಾಗಿ. ತೆನೆ ನೋಡಿದರೆ ಹೆಸರು ಗೊತ್ತಾಗಬೇಕು. ನನಗೆ ರಾಗಿಯ ತೆನೆ ಗುರುತು ಹಿಡಿಯೋದು ಬಂದಿದ್ದು ಅಲ್ಲೇ, ಸ್ಕೂಲಿನಲ್ಲಲ್ಲ.

ಕಟ್ಟಳೆ ಒಂದೇ. ಒಂದು ಸೇರು ಬೀಜ ತಗೊಂಡು ಹೋದವರು ಸುಗ್ಗಿಯಾದ ಮೇಲೆ ಎರಡು ಸೇರು ತಂದು ಹಾಕಬೇಕು. ಒಂದು ಸೇರು ಮಡಕೆಗೆ ವಾಪಸ್, ಇನ್ನೊಂದು ಸೇರು ಹೊಸದಾಗಿ ಕೇಳಿದವರಿಗೆ. ಮಳೆ ಕೈಕೊಟ್ಟ ವರ್ಷ ಮುಂದಿನ ವರ್ಷಕ್ಕೆ ಮುಂದಕ್ಕೆ ಹಾಕುತ್ತಿದ್ದರು, ಮನ್ನಾ ಮಾತ್ರ ಇಲ್ಲ. ತಂದ ಬೀಜ ಜೊಳ್ಳಿದ್ದರೆ ಮೊರದಲ್ಲಿ ಕೇರಿ ತೋರಿಸಿ ವಾಪಸ್ ಕಳಿಸುತ್ತಿದ್ದರು. ನಮ್ಮವ್ವ ಆ ವಿಷಯದಲ್ಲಿ ತಮ್ಮನಿಗೂ ಬಿಟ್ಟುಕೊಡಲಿಲ್ಲ, ಸೋದರಮಾವ ಎರಡು ದಿನ ಮಾತು ಬಿಟ್ಟಿದ್ದರು.

ಈ ಲೆಕ್ಕ ನಮ್ಮೂರಿನವರೇ ಕಂಡುಹಿಡಿದದ್ದಲ್ಲ. ಕನಕಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಸಮುದಾಯ ಬೀಜ ಬ್ಯಾಂಕ್ ಅನ್ನೋದನ್ನು ಬೆಳೆಸಿದ್ದು ಗ್ರೀನ್ ಫೌಂಡೇಶನ್. ಡಾ. ವನಜಾ ರಾಮಪ್ರಸಾದ್ 1990ರ ದಶಕದ ಆರಂಭದಲ್ಲಿ ತಮಿಳುನಾಡು ಗಡಿಯ ಥಳಿ ಕಡೆಯಿಂದ ಆರಂಭಿಸಿದ ಕೆಲಸ ಅದು. ಬೀಜ ಯಾರ ಕೈಯಲ್ಲಿರಬೇಕು ಅನ್ನುವ ಪ್ರಶ್ನೆಗೆ ಅವರು ಹೆಂಗಸರ ಸಂಘಗಳ ಕೈಗೆ ಕೊಟ್ಟು ಉತ್ತರ ಹೇಳಿದರು. ಆಮೇಲೆ ರೈತರದ್ದೇ ‘ಜನಧಾನ್ಯ’ ಅನ್ನುವ ಒಕ್ಕೂಟ ಹುಟ್ಟಿತು. 2004ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಗ್ರೀನ್ ಫೌಂಡೇಶನ್ನಿಗೆ ಬಂತು. ಪ್ರಶಸ್ತಿ ಇರಲಿ, ನನಗೆ ದೊಡ್ಡದಾಗಿ ಕಾಣೋದು ಆ ‘ಒಂದಕ್ಕೆ ಎರಡು’. ಅದರಲ್ಲಿ ದಾನ ಇಲ್ಲ. ತಗೊಂಡವನು ಕೈ ಚಾಚಿದವನಾಗೋದಿಲ್ಲ, ಸಾಲಗಾರನಾಗುತ್ತಾನೆ. ಸಾಲಗಾರನಿಗೆ ಒಂದು ಮರ್ಯಾದೆ ಇದೆ. ತೀರಿಸಿದ ದಿನ ತಲೆ ಎತ್ತಿ ನಡೆಯಬಹುದು. ಮೇಲಾಗಿ ಬಡ್ಡಿ ಊರಲ್ಲೇ ಉಳಿಯುತ್ತೆ.

ಈಗ ನನ್ನ ತಪ್ಪಿನ ಕಥೆ.

ಏಳೆಂಟು ವರ್ಷದ ಹಿಂದೆ ನಾನು ಓದು ಮುಗಿಸಿ, ಬಿಡದಿಯ ಕಾರ್ಖಾನೆಯೊಂದರಲ್ಲಿ ಕಾಂಟ್ರಾಕ್ಟ್ ಮೇಲೆ ಸ್ವಲ್ಪ ದಿನ ದುಡಿದು, ಬೇಸಾಯಕ್ಕೆ ವಾಪಸ್ ಬಂದ ಹೊಸದು. ಅಷ್ಟೊತ್ತಿಗೆ ಬೀಜದ ಮನೆ ಅರ್ಧ ಖಾಲಿಯಾಗಿತ್ತು. ಊರಿಗೆ ಇನ್ನೊಂದು ಸಂಸ್ಥೆ ಮೂರು ವರ್ಷದ ಪ್ರಾಜೆಕ್ಟು ತಂದಿತ್ತು. ಹೆಸರು ಬೇಡ. ಶೇಡ್‌ನೆಟ್, ಡ್ರಿಪ್, ಮಾದರಿ ತೋಟ, ಮಕ್ಕಳಿಗೆ ಸಂಜೆ ಪಾಠ, ನಮ್ಮಂಥವರಿಗೆ ಎರಡೆರಡು ದಿನದ ತರಬೇತಿ, ಊಟ, ಸರ್ಟಿಫಿಕೇಟು. ಡ್ರಿಪ್ ಪೈಪಿನ ಸುರುಳಿ ಇಡೋಕೆ ಜಾಗ ಬೇಕು ಅಂತ ಬೀಜದ ಮನೆಯ ಮಡಕೆಗಳನ್ನು ಮೂಲೆಗೆ ಸರಿಸಿದರು. ಯಾರೂ ಬೇಡ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ನನ್ನ ಹತ್ತಿರ ಈಗಲೂ ನಾಲ್ಕು ಸರ್ಟಿಫಿಕೇಟು ಇವೆ.

ಆ ವರ್ಷ ರೈತ ಸಂಪರ್ಕ ಕೇಂದ್ರದಿಂದ ಎಂಎಲ್-365 ರಾಗಿ ತಂದು ಒಂದೂವರೆ ಎಕರೆಗೆ ಹಾಕಿದೆ. ಅವ್ವ ಬಲವಂತ ಮಾಡಿ ಸಂಘದ ಮಡಕೆಯಿಂದ ಕೊನೆಯ ಒಂದು ಸೇರು ಪಿಚ್ಚಕಡ್ಡಿ ಕೊಟ್ಟರು. “ಮಡಕೇಲಿ ಇನ್ನು ಇಲ್ಲ ಕಣೋ, ಇದನ್ನ ಬೇರೆ ಹಾಕಿ ಬೇರೆ ಒಕ್ಕು” ಅಂದರು. ಹೊಲದ ಕೆಳಗಿನ ಮಗ್ಗುಲಲ್ಲಿ ಹಾಕಿದೆ. ಬೆಳೆ ಚೆನ್ನಾಗೇ ಬಂತು, ಎದೆಮಟ್ಟಕ್ಕೆ ಹುಲ್ಲು. ಕೊಯ್ಲಿಗೆ ಆಳು ಸಿಗಲಿಲ್ಲ. ಸಿಕ್ಕಿದ ದಿನ ಎಲ್ಲಾ ಒಟ್ಟಿಗೆ ಕೊಯ್ದು, ಒಟ್ಟಿಗೆ ಮೆದೆ ಹಾಕಿ, ಆಮೇಲೆ ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ ಟಾರ್ ರಸ್ತೆ ಮೇಲೆ ಹರಡಿದೆ. ಓಡಾಡೋ ಬಸ್ಸು ಲಾರಿಗಳು ಒಕ್ಕಣೆ ಮಾಡಿಕೊಟ್ಟವು. ಎರಡೂ ಬೆರೆತು ಹೋಯಿತು. ಮೂಟೆ ಕಟ್ಟಿ ಖರೀದಿ ಕೇಂದ್ರಕ್ಕೆ ಹಾಕಿದೆ, ದುಡ್ಡು ಅಕೌಂಟಿಗೆ ಬಂತು.

ಅವ್ವ ಎರಡು ಸೇರು ಎಲ್ಲಿ ಅಂತ ಕೇಳಿದಾಗ, “ಅಂಗಡಿ ರಾಗಿ ತಂದು ಅಳೆದು ಹಾಕ್ತೀನಿ ಬಿಡವ್ವ” ಅಂದೆ. ಅವ್ವ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಆ ಮಡಕೆಯನ್ನು ತೊಳೆದು ಬೋರಲು ಹಾಕಿದರು.

ಪ್ರಾಜೆಕ್ಟಿನ ಮೂರು ವರ್ಷ ಮುಗಿದ ಮೇಲೆ ಆ ಸಂಸ್ಥೆಯವರೂ ಹೋದರು. ಶೇಡ್‌ನೆಟ್ ಮುಂದಿನ ಬೇಸಿಗೆಯ ಗಾಳಿಗೆ ಹರಿಯಿತು. ಡ್ರಿಪ್ ಪೈಪನ್ನು ಇಲಿ ಕಡಿಯಿತು. ಅವರ ಮೇಲೆ ನನಗೆ ಸಿಟ್ಟಿದೆ, ಇಲ್ಲ ಅನ್ನಲ್ಲ. ಆದರೆ ಬೀಜದ ಮನೆಯನ್ನು ಮುಗಿಸಿದ್ದು ಅವರೊಬ್ಬರೇ ಅಲ್ಲ, ನನ್ನಂಥವರು. ವಾಪಸ್ ಕೊಡದೇ ಇದ್ದವರು.

ಹೊಲದಲ್ಲಿ ಕಲಿಸಿದವರು ಯಾರು?

ಕೃಷಿ ಕಲಿಸುವ ಜಾಗ ಹೇಗಿರಬೇಕು ಅಂತ ನನ್ನನ್ನು ಕೇಳಿದರೆ ಮೊದಲು ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರ ಹೊಲ ನೆನಪಾಗುತ್ತೆ. 2019ರ ಜನವರಿಯಲ್ಲಿ ತೀರಿಕೊಂಡರು. ಸಾವಯವ ಬೇಸಾಯ ಕಲಿಯೋಕೆ ಎಲ್ಲೆಲ್ಲಿಂದಲೋ ಜನ ಅವರ ಹೊಲಕ್ಕೆ ಬರುತ್ತಿದ್ದರು. ಮುಖ್ಯ ವಿಷಯ ಏನಂದ್ರೆ, ಅವರು ಕಲಿಸುತ್ತಿದ್ದ ಹೊಲದಲ್ಲೇ ಅವರ ಜೀವನವೂ ನಡೆಯುತ್ತಿತ್ತು. ಹೇಳಿದ್ದು ತಪ್ಪಾದರೆ ನಷ್ಟ ಮೊದಲು ಅವರಿಗೆ. ಸಂಬಳಕ್ಕೆ ಬಂದು ಮೈಕ್ ಹಿಡಿಯುವವರಿಗೆ ಆ ಭಯ ಇರೋದಿಲ್ಲ. ಮಾದರಿ ತೋಟ ಅಂತ ನಮಗೆ ತೋರಿಸುವ ಬಹಳಷ್ಟು ಕಡೆ ಮಾಲೀಕರ ಸಂಸಾರ ಆ ತೋಟದಿಂದ ನಡೆಯೋದಿಲ್ಲ. ನಾವು ನೋಡಿ ಬೆರಗಾಗಿ ಮನೆಗೆ ಬಂದು, ಸಾಲ ಮಾಡಿ, ಅದನ್ನೇ ಮಾಡೋಕೆ ಹೋಗ್ತೀವಿ.

ಬೀದರ್ ಪಕ್ಕ, ಗಡಿಯಾಚೆ ಜಹೀರಾಬಾದ್ ಹತ್ತಿರದ ಪಸ್ತಾಪುರ ಇನ್ನೊಂದು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಕೆಲಸ ಅಲ್ಲಿ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಪಿ.ವಿ. ಸತೀಶ್ ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ, 2023ರ ಮಾರ್ಚಿನಲ್ಲಿ ಹೋದರು. ಬಡ ದಲಿತ ಹೆಂಗಸರ ಸಂಘಗಳು ಸಿರಿಧಾನ್ಯದ ಬೀಜ ಇಟ್ಟುಕೊಂಡವು, ತಮ್ಮದೇ ರೇಡಿಯೋ ನಡೆಸಿದವು. ಮಕ್ಕಳಿಗೆ ‘ಪಚ್ಚ ಸಾಲೆ’ ಅಂತ ಒಂದು ಶಾಲೆ. ಅಲ್ಲಿ ಪುಸ್ತಕದ ಪಾಠದ ಜೊತೆ ಬೇಸಾಯ, ಮಡಕೆ ಮಾಡೋದು, ಮರಗೆಲಸ ಕೂಡ ಪಾಠವೇ. 2019ರಲ್ಲಿ ಇವರಿಗೂ ಈಕ್ವೇಟರ್ ಪ್ರಶಸ್ತಿ ಬಂತು. ಅಲ್ಲಿಯ ಮಳೆಯೇನು ನಮಗಿಂತ ಹೆಚ್ಚಿಲ್ಲ.

ಅಷ್ಟು ದೂರ ಹೋಗೋದೂ ಬೇಡ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ನಮ್ಮ ಮಾಗಡಿ ತಾಲ್ಲೂಕಿನ ವೀರಾಪುರದವರು. ಸಾವಿರಾರು ಬಡ ಮಕ್ಕಳಿಗೆ ಅಲ್ಲಿ ಅನ್ನ, ಅಕ್ಷರ ಎರಡೂ ಸಿಕ್ಕವು. ಅದರ ಹಿಂದೆ ಹಳ್ಳಿ ಹಳ್ಳಿಯ ರೈತರು ಕೊಟ್ಟ ರಾಗಿ, ಅಕ್ಕಿ, ಕಾಳಿನ ಮೂಟೆಗಳಿದ್ದವು. ಕನಕಪುರದಲ್ಲಿ ಎಸ್. ಕರಿಯಪ್ಪನವರು ಗ್ರಾಮಾಂತರದ ಮಕ್ಕಳಿಗಾಗಿ ವಿದ್ಯಾಸಂಸ್ಥೆ ಕಟ್ಟಿದರು. ರೂರಲ್ ಕಾಲೇಜು ಇಲ್ಲದಿದ್ದರೆ ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಮೊದಲ ಪದವೀಧರ ಇರ್ತಿದ್ದ? ಹಳ್ಳಿಯಿಂದ ಏನೂ ಕೇಳದೆ ಹಳ್ಳಿಗೆ ಕೊಡುತ್ತೀವಿ ಅನ್ನುವ ಸಂಸ್ಥೆಗಿಂತ, ‘ನಿಮ್ಮ ಪಾಲು ಎಷ್ಟು?’ ಅಂತ ಕೇಳುವ ಸಂಸ್ಥೆಯನ್ನು ನಾನು ಹೆಚ್ಚು ನಂಬುತ್ತೇನೆ.

ರಾಮನಗರದ ಹತ್ತಿರ ಹೆದ್ದಾರಿ ಪಕ್ಕದ ಜಾನಪದ ಲೋಕಕ್ಕೆ ಒಮ್ಮೆ ಹೋಗಿ ಬನ್ನಿ. ಎಚ್.ಎಲ್. ನಾಗೇಗೌಡರು 1994ರಲ್ಲಿ ಕಟ್ಟಿದ್ದು. ನಮ್ಮ ಅಜ್ಜಂದಿರು ಬಳಸಿದಂಥ ಸಾಮಾನುಗಳನ್ನೆಲ್ಲ ಜೋಪಾನವಾಗಿ ಇಟ್ಟಿದ್ದಾರೆ, ಪುಣ್ಯದ ಕೆಲಸ. ಆದರೆ ಬೀಜವನ್ನು ಹಾಗೆ ಇಡೋಕೆ ಆಗಲ್ಲ. ಮಡಕೆಯಲ್ಲಿ ನಾಲ್ಕು ವರ್ಷ ಸುಮ್ಮನೆ ಇಟ್ಟರೆ ಮೊಳಕೆ ಬಿದ್ದು ಹೋಗುತ್ತೆ. ಬಿತ್ತಲೇಬೇಕು, ಯಾರಾದರೊಬ್ಬರು.

“ಇದರಿಂದ ಹೊಟ್ಟೆ ತುಂಬುತ್ತಾ?”

ನನ್ನ ಗೆಳೆಯನೊಬ್ಬ ಚನ್ನಪಟ್ಟಣದ ಕಡೆ ಒಂದು ಎಕರೆ ಹಿಪ್ಪುನೇರಳೆ ಇಟ್ಟಿದ್ದಾನೆ. ನಾನು ಹಳೇ ರಾಗಿ, ಸಮುದಾಯದ ತೋಟ ಅಂತ ಶುರು ಮಾಡಿದರೆ ಅವನು ನಗುತ್ತಾನೆ. “ನೀನು ಮಡಕೆ ಕಾಯ್ತಾ ಕೂತ್ಕೋ. ನಾನು ಚಾಕಿ ತಂದು ಇಪ್ಪತ್ತು ದಿನ ನಿದ್ದೆಗೆಟ್ರೆ ರಾಮನಗರ ಮಾರ್ಕೆಟ್ಟಲ್ಲಿ ದುಡ್ಡು ಎಣಿಸ್ತೀನಿ” ಅಂತಾನೆ. ಅವನು ಹೇಳೋದು ಸರಿ. ರಾಮನಗರದ ಗೂಡಿನ ಮಾರುಕಟ್ಟೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಒಲೆ ಉರಿಸುತ್ತಿದೆ. ಮಾವೂ ಹಾಗೇ. ದುಡ್ಡಿನ ಮಾತೇ ಆಡದೆ ‘ಪರಂಪರೆ ಉಳಿಸಿ’ ಅಂತ ಮಾತ್ರ ಹೇಳುವ ಸಂಸ್ಥೆ ನಮ್ಮಂಥವರ ಊರಲ್ಲಿ ಎರಡು ವರ್ಷವೂ ನಿಲ್ಲಲ್ಲ, ನಿಲ್ಲಲೂ ಬಾರದು.

ಅದಕ್ಕೇ ನಾನು ಹೊಸ ತಳಿ ಬಿಡಿ ಅನ್ನೋನಲ್ಲ. ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಬೆಸುಗೆ ಹಾಕಿ ಇಂಡಾಫ್ ತಳಿಗಳನ್ನು ಕೊಟ್ಟ ವಿಜ್ಞಾನಿ ಲಕ್ಷ್ಮಣಯ್ಯನವರನ್ನು ನಮ್ಮ ಹಿರಿಯರು ‘ರಾಗಿ ಲಕ್ಷ್ಮಣಯ್ಯ’ ಅಂತಲೇ ನೆನೆಯುತ್ತಾರೆ, ಆ ಋಣ ದೊಡ್ಡದು. ಮಾರುವ ರಾಗಿಗೆ ನಾನು ಈಗಲೂ ಇಲಾಖೆಯ ಬೀಜವನ್ನೇ ಹಾಕೋದು. ಬೆಂಬಲ ಬೆಲೆ 2024-25ರಲ್ಲಿ ಕ್ವಿಂಟಲಿಗೆ 4,290 ರೂಪಾಯಿ ಇತ್ತು, 2025-26ಕ್ಕೆ 4,886 ಆಗಿದೆ. ಖರೀದಿ ಕೇಂದ್ರದಲ್ಲಿ ಯಾವ ತಳಿ ಅಂತ ಯಾರೂ ಕೇಳೋದಿಲ್ಲ, ಕಲ್ಲು ಮಣ್ಣು ಇಲ್ಲದೆ ಕಾಳು ಒಣಗಿದ್ದರೆ ಆಯಿತು. (ಫ್ರೂಟ್ಸ್ ಐಡಿ ಇನ್ನೂ ಮಾಡಿಸದವರು ಈಗಲೇ ಮಾಡಿಸಿಕೊಳ್ಳಿ, ನೋಂದಣಿ ದಿನ ಕ್ಯೂನಲ್ಲಿ ನಿಂತು ಪರದಾಡಬೇಡಿ.)

ಆದರೆ ಹಸು ಇರುವ ಮನೆಯ ಲೆಕ್ಕ ಬೇರೆ. ಡೈರಿಗೆ ಎರಡು ಹೊತ್ತು ಹಾಲು ಹಾಕುವ ಮನೆಗೆ ಕಾಳಿನಷ್ಟೇ ಹುಲ್ಲೂ ಮುಖ್ಯ. ಎತ್ತರ ಬೆಳೆಯುವ ನಾಟಿ ರಾಗಿ ಕಾಳು ಕಮ್ಮಿ ಕೊಟ್ಟರೂ ಹುಲ್ಲು ಕೊಡುತ್ತೆ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಬದುವಿನಲ್ಲಿ ಹರಳು ಹಾಕಿದರೆ ಮನೆಯ ಸಾರಿಗೆ ಅಂಗಡಿಗೆ ಹೋಗುವ ದುಡ್ಡು ಉಳಿಯುತ್ತೆ. ಈ ಉಳಿದ ದುಡ್ಡನ್ನು ನಾವು ಯಾರೂ ಆದಾಯ ಅಂತ ಬರೆಯೋದೇ ಇಲ್ಲ. ತರಬೇತಿ ಕೊಡುವವರೂ ಬರೆಯೋಕೆ ಕಲಿಸೋದಿಲ್ಲ. ನನ್ನ ಪ್ರಕಾರ ಊರಿನ ತೋಟದಲ್ಲಿ ಮೊದಲ ಪಾಠ ಜೀವಾಮೃತ ಅಲ್ಲ, ಖರ್ಚು ಜಮಾ ಬರೆಯೋದು. ನಷ್ಟದ ಪುಟವೂ ಅದರಲ್ಲಿ ಇರಬೇಕು. ಕನಕಪುರದ ಕಾಡಂಚಿನ ಊರುಗಳಲ್ಲಿ ಆನೆ ಒಂದು ರಾತ್ರಿ ಬಂದು ಹೋದರೆ ಏನಾಗುತ್ತೆ ಅಂತ ಗೊತ್ತಿಲ್ಲದವರು ಎಕರೆಗೆ ಇಷ್ಟು ಲಾಭ ಅಂತ ಬೋರ್ಡ್ ಬರೆಯುತ್ತಾರೆ.

ಇನ್ನು ಮೊಬೈಲು. ನಾನೂ ದಿನಾ ರಾತ್ರಿ ಮಲಗುವ ಮುಂಚೆ ಕೃಷಿ ವೀಡಿಯೋ ನೋಡೋನೇ. ಅದರಿಂದ ಕಲಿತದ್ದೂ ಇದೆ. ಆದರೆ ವೀಡಿಯೋ ಮಾಡಿದವನ ಮಣ್ಣು ಬೇರೆ, ಮಳೆ ಬೇರೆ, ನಮ್ಮದು ಬಂಡೆ ಮಧ್ಯದ ಕೆಂಪು ಮಣ್ಣು. ಅವನು ಒಮ್ಮೆ ಗೆದ್ದದ್ದನ್ನು ತೋರಿಸುತ್ತಾನೆ, ಸೋತದ್ದನ್ನು ಅಪ್‌ಲೋಡ್ ಮಾಡೋದಿಲ್ಲ. ನಡೆದು ಹೋಗುವಷ್ಟು ದೂರದಲ್ಲಿ, ನಮ್ಮದೇ ಮಣ್ಣಿನಲ್ಲಿ, ನಮಗಿರುವಷ್ಟೇ ನೀರಿನಲ್ಲಿ ಒಂದು ತುಂಡು ನೆಲ ಇದ್ದರೆ, ವಾರಕ್ಕೊಮ್ಮೆ ಹೋಗಿ ನೋಡಿದರೂ ಒಂದು ವರ್ಷದ ಪಾಠ ಆಗುತ್ತೆ. ಆ ನೆಲಕ್ಕೆ ನಮ್ಮ ಹೊಲಕ್ಕಿಲ್ಲದ ಬೋರ್‌ವೆಲ್ ಇದ್ದರೆ ಅದು ನಮಗೆ ಪಾಠ ಅಲ್ಲ, ಪ್ರದರ್ಶನ.

ಕೇಳಿ ಸೇರಿಕೊಳ್ಳಿ

ನಿಮ್ಮೂರಿಗೆ ಯಾರಾದರೂ ಸಮುದಾಯ ತೋಟ, ಕೃಷಿ ಶಾಲೆ ಅಂತ ಬಂದರೆ ಬಾಗಿಲು ಹಾಕಬೇಡಿ, ಕೂರಿಸಿ ಕಾಫಿ ಕೊಟ್ಟು ಕೇಳಿ. ಹಣ ಎಷ್ಟು ವರ್ಷಕ್ಕಿದೆ, ಅದು ಮುಗಿದ ಮೇಲೆ ಬೀಗದ ಕೈ ಯಾರ ಹತ್ತಿರ ಇರುತ್ತೆ? ಇದೊಂದು ಪ್ರಶ್ನೆಗೆ ನೆಟ್ಟಗೆ ಉತ್ತರ ಬರದಿದ್ದರೆ ಉಳಿದದ್ದು ಕೇಳುವ ಕೆಲಸವೇ ಇಲ್ಲ. ಲೆಕ್ಕದ ಪುಸ್ತಕವನ್ನು ಊರಿನವರು ಯಾವಾಗ ಬೇಕಾದರೂ ನೋಡಬಹುದಾ? ಕಲಿಸಲು ನಮ್ಮೂರಿನ ಹುಡುಗನನ್ನೋ ಹುಡುಗಿಯನ್ನೋ ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಾರಾ, ಅಥವಾ ಎಲ್ಲರೂ ಬೆಂಗಳೂರಿಂದ ಕಾರಲ್ಲಿ ಬಂದು ಸಂಜೆಗೆ ವಾಪಸ್ಸಾ?

ಜಮೀನು ಕೇಳಿದರೆ ಇನ್ನೂ ಹುಷಾರಾಗಿರಿ. ಒಳ್ಳೆಯ ಮನುಷ್ಯರೇ ಇರಬಹುದು, ಆದರೂ ಬಾಯಿ ಮಾತು ಬೇಡ. ಎಷ್ಟು ವರ್ಷಕ್ಕೆ, ವರ್ಷಕ್ಕೆಷ್ಟು ಗುತ್ತಿಗೆ, ಅವಧಿ ಮುಗಿದ ಮೇಲೆ ಬೋರು, ಶೆಡ್ಡು, ಬೇಲಿ ಯಾರದ್ದು ಅಂತ ಬರೆಸಿಕೊಳ್ಳಿ. ಮೂಲ ಪತ್ರಗಳನ್ನು ಯಾರ ಕೈಗೂ ಕೊಡಬೇಡಿ. ಅಕ್ಕ ತಂಗಿಯರ ಪಾಲು ಇನ್ನೂ ವಿಭಾಗ ಆಗಿಲ್ಲದ ಜಮೀನಾದರೆ ಮೊದಲು ಅವರನ್ನು ಕೇಳಿ. ಆಮೇಲೆ ಮನೆ ಒಡೆಯೋದು ಬೇಡ.

ಯಾರೂ ಬರದಿದ್ದರೆ? ಕಾಯಬೇಡಿ. ಹತ್ತು ಗುಂಟೆ, ಐದು ಮನೆ ಸಾಕು. ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯಲ್ಲಿದೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದು. ಮಣ್ಣು ಪರೀಕ್ಷೆಗೂ ರೋಗ ಕೀಟದ ಪ್ರಶ್ನೆಗೂ ಅಲ್ಲಿಗೆ ಹೋಗಿ. ನಮ್ಮ ತೆರಿಗೆ ದುಡ್ಡಿನ ಜಾಗ ಅದು, ಸಂಕೋಚ ಯಾಕೆ? ಬೀಜಕ್ಕೆ ರಾಗಿಯಿಂದಲೇ ಆರಂಭಿಸಿ. ರಾಗಿ ಬಹುಮಟ್ಟಿಗೆ ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ, ಪಕ್ಕದ ಸಾಲಿನ ತಳಿ ಜೊತೆ ಜೋಳದಷ್ಟು ಸುಲಭಕ್ಕೆ ಬೆರಕೆ ಆಗೋದಿಲ್ಲ. ಬೆರಕೆ ಆಗೋದು ಹೊಲದಲ್ಲಲ್ಲ, ಕಣದಲ್ಲಿ. ನನ್ನ ಹಾಗೆ. ತೆನೆ ಬಂದಾಗ ಬೇರೆ ಥರ ಕಾಣುವ ಗಿಡ ಕಿತ್ತು ಹಾಕಿ, ತುಂಡಿನ ನಡುವಿನ ಒಳ್ಳೆಯ ತೆನೆಗಳನ್ನು ಮೊದಲೇ ಆರಿಸಿ ಕೊಯ್ದು ಕೈಯಲ್ಲೇ ಬಡಿದು ಬೇರೆ ಇಡಿ. ಬಿತ್ತುವ ಮೊದಲು 100 ಕಾಳು ಎಣಿಸಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿ ನೆರಳಲ್ಲಿಡಿ, ಆರಿದರೆ ನೀರು ಚಿಮುಕಿಸಿ. ಒಂದು ವಾರದಲ್ಲಿ 75ಕ್ಕಿಂತ ಕಮ್ಮಿ ಮೊಳೆತರೆ ಆ ಬೀಜ ಯಾರಿಗೂ ಕೊಡಬೇಡಿ.

ಬೀಜ ಹಂಚಿಕೊಳ್ಳೋದು ಕಾನೂನಿಗೆ ವಿರುದ್ಧ ಅಂತ ಹೆದರಿಸುವವರಿದ್ದಾರೆ. ಸುಳ್ಳು. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 39ನೇ ಕಲಂ ಪ್ರಕಾರ ರೈತ ತನ್ನ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರಲ್ಲಿ ಪೊಟ್ಟಣ ಕಟ್ಟಿ ಮಾರುವಂತಿಲ್ಲ ಅಷ್ಟೇ.

ಮೊಬೈಲಿನ ನಿಜವಾದ ಉಪಯೋಗ ನನಗೆ ಕಂಡದ್ದು ಇಲ್ಲೇ. ಈ ವರ್ಷ ನಾವು ಆರು ಜನ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದೀವಿ. ಗುಡ್ ಮಾರ್ನಿಂಗ್ ಹಾಕಿದವರನ್ನು ತೆಗೆದು ಹಾಕ್ತೀವಿ. ಅದರಲ್ಲಿ ಬರೆಯೋದು ಮೂರೇ: ಯಾರು, ಯಾವ ಬೀಜ, ಎಷ್ಟು ಸೇರು ತಗೊಂಡರು. ತೆನೆಯ ಒಂದು ಫೋಟೋ. ಅವ್ವಂದಿರು ಮಡಕೆಯ ಕತ್ತಿಗೆ ಕಟ್ಟುತ್ತಿದ್ದ ತೆನೆಯ ಬದಲು.

ಪಿಚ್ಚಕಡ್ಡಿ ಸಿಕ್ಕಿತು. ಎಲ್ಲೆಲ್ಲೋ ಕೇಳಿ ಕೊನೆಗೆ ಮಾಗಡಿ ತಾಲ್ಲೂಕಿನಲ್ಲಿ, ಅವ್ವನ ಸಂಘದಲ್ಲಿ ಹಿಂದೆ ಇದ್ದವರೊಬ್ಬರ ಮಗಳ ಗಂಡನ ಮನೆಯಲ್ಲಿ. ಆ ಮನೆಯ ಅಜ್ಜಿ ಪ್ರತಿ ವರ್ಷ ಹಿತ್ತಲಿನ ಎರಡು ಗುಂಟೆಯಲ್ಲಿ ಹಾಕಿಕೊಂಡೇ ಬಂದಿದ್ದಾರೆ. ಯಾಕಜ್ಜಿ ಅಂದರೆ, “ಹಸಕ್ಕೆ ಹುಲ್ಲು ಬೇಡ್ವೇನಪ್ಪ?” ಅಂದರು, ಅಷ್ಟೇ. ಒಂದು ಸೇರು ಅಳೆದು ಸೀರೆ ಸೆರಗಿನ ತುಂಡಿನಲ್ಲಿ ಗಂಟು ಕಟ್ಟಿಕೊಟ್ಟರು. ದುಡ್ಡು ಮುಟ್ಟಲಿಲ್ಲ. “ನಿಮ್ಮವ್ವಂಗೆ ಲೆಕ್ಕ ಗೊತ್ತು” ಅಂದರು.

ಜುಲೈನಲ್ಲಿ ಒಟ್ಲು ಹಾಕಿ, ಪೈರು ಕಿತ್ತು ನಾಟಿ ಮಾಡಿ ಇವತ್ತಿಗೆ 22 ದಿನ. ಅವ್ವ ದಿನಾ ಸಂಜೆ ಹೋಗಿ ಕಳೆ ಕೀಳ್ತಾರೆ, ನನ್ನನ್ನು ನಂಬಿಲ್ಲ. ರಾತ್ರಿ ಹಂದಿ ಕಾಟ ಇದೆ, ಸರದಿ ಮೇಲೆ ಕಾಯ್ತೀವಿ. ಡಿಸೆಂಬರಿಗೆ ಒಕ್ಕಣೆ. ಈ ಸಲ ರಸ್ತೆ ಮೇಲೆ ಹಾಕೋದಿಲ್ಲ, ಮನೆ ಮುಂದೆ ಸಾರಿಸಿ ಅಲ್ಲೇ ಬಡಿಯೋದು. ಎರಡು ಸೇರು ಅಳೆದಿಟ್ಟ ಮೇಲೆ ಮಾಗಡಿಗೆ ಬಸ್ ಹತ್ತಬೇಕು. ಅಜ್ಜಿ ಹತ್ತಿರ ಫೋನಿಲ್ಲ, ಹೋಗಿಯೇ ಕೊಡಬೇಕು.